ಹಿಡಿಯಿಲ್ಲದ ಬಾಗಿಲು

ಹತ್ತಿಯನ್ನು ಉಗುರುಬಣ್ಣ ತೆಗೆಯುವ ರಿಮೂವರಿನಲ್ಲಿ ಅದ್ದಿ, ಬೂದು ಗೋಡೆಯ ಮೇಲಿನ ಕೆಂಪು ಚುಕ್ಕೆಯನ್ನು ಒರೆಸಿದೆ. ಪಕ್ಕದಲ್ಲಿ ದೊಡ್ಡಮ್ಮ ಮಾತಿಲ್ಲದೆ ಟವೆಲು ಮಡಿಸುತ್ತಿದ್ದಳು. ಹದಿನಾಲ್ಕು ಕೋಣೆ, ಪ್ರತಿ ಬಾತ್‌ರೂಮಿನ ಬಾಗಿಲಿಗೆ ಒಳಗೊಂದು ಚುಕ್ಕೆ, ಹೊರಗೊಂದು. ಇದು ಕೊನೆಯದು.

ನಮ್ಮ ಹೋಟೆಲಿನಲ್ಲಿ ಬಾಗಿಲಿಗೆ ಹಿಡಿಯಿಲ್ಲ. ಗೋಡೆ ಯಾವುದು, ಬಾಗಿಲು ಯಾವುದು ತಿಳಿಯುವುದಿಲ್ಲ. ಸರಿಯಾದ ಜಾಗದಲ್ಲಿ ಒತ್ತಿದರೆ ಮಾತ್ರ ತೆರೆಯುತ್ತದೆ. ಹಿಡಿ ಕಂಡರೆ ಮನಸ್ಸು ಕದಡುತ್ತದೆ ಎಂಬುದು ವಿನ್ಯಾಸ ಮಾಡಿದವರ ಅಂಬೋಣ. ಅವರನ್ನು ನಾವು ಗೋಡೆಸಾಹೇಬರು ಎನ್ನುತ್ತೇವೆ, ಅವರಿಲ್ಲದಾಗ. ಹೊರಗೆ ಬಸ್ಸುಗಳು ಗಂಟಲು ಹರಿದುಕೊಳ್ಳುತ್ತವೆ. ಒಳಗೆ ಕೆಲಸದವರು ಮಾತಾಡಕೂಡದು. ಅದೂ ಅವರದೇ ನಿಯಮ. ನನಗೇನೂ ಕಷ್ಟವಾಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗ ನಾನು ಬರುತ್ತಿಲ್ಲವೆಂದು ಮೇಷ್ಟ್ರಿಗೆ ತಿಳಿದದ್ದೇ ಎರಡು ವಾರದ ಮೇಲೆ.

ತಿಂಗಳ ಹಿಂದೆ ವಯಸ್ಸಾದ ಅತಿಥಿಯೊಬ್ಬರು ಬಾತ್‌ರೂಮಿನೊಳಗೆ ಒಂದೂವರೆ ಗಂಟೆ ಗೋಡೆ ತಡವುತ್ತ ನಿಂತಿದ್ದರು. ಮೈಮೇಲೆ ಒಂದೇ ಟವೆಲು, ಅದೂ ಮುಖ ಒರೆಸುವಂಥದ್ದು. ಅಂದೇ ದೊಡ್ಡಮ್ಮ ತನ್ನ ಉಗುರುಬಣ್ಣದ ಶೀಶೆ ತಂದು, ಒತ್ತುವ ಜಾಗಕ್ಕೆಲ್ಲ ಚುಕ್ಕೆಯಿಟ್ಟಳು. ಅತಿಥಿಗಳು ಹರಸಿದರು. ಮ್ಯಾನೇಜರು ಮಾತ್ರ ಹೇಳಿದ್ದರು: "ಸಾಹೇಬರು ನೋಡೋಕೆ ಬರ್ತಾರೆ. ಒಂದು ಚುಕ್ಕೆ ಕಂಡ್ರೂ ನಿಮ್ಮ ಕೆಲಸ ಹೋಯ್ತು ಅಂದ್ಕೊಳ್ಳಿ." ಐವತ್ತೆಂಟರ ಹೆಂಗಸಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಗೋಡೆಸಾಹೇಬರು ಬರಿಗಾಲಲ್ಲಿ ಬಂದರು, ಹಿಂದೆ ಮ್ಯಾನೇಜರು. ಎಮ್ಮೆಯ ಬೆನ್ನು ಸವರುವಂತೆ ಗೋಡೆ ಸವರುತ್ತ ಹೋಗಿ, ಬಾತ್‌ರೂಮಿನ ಪಕ್ಕ ಗೋಡೆಯಲ್ಲೇ ಹುದುಗಿದ್ದ ಬೀರುವಿನ ಮುಂದೆ ನಿಂತರು. ಬೀರುವಿಗೂ ಒಂದು ಚುಕ್ಕೆಯಿತ್ತು. ನಾನು ಮರೆತಿದ್ದೆ.

"ಇದೇನಿದು?"

ಮ್ಯಾನೇಜರು ಛಾವಣಿ ನೋಡಿದರು.

"ನಾನೇ ಇಟ್ಟಿದ್ದು," ಎಂದಳು ದೊಡ್ಡಮ್ಮ. "ಜನ ಒಳಗೇ ಸಿಕ್ಕಿಹಾಕ್ಕೊಳ್ತಿದ್ರು."

"ಬಾಗಿಲು ಎಲ್ಲಿದೆ ಅಂತ ಕೈಗೇ ಗೊತ್ತಾಗತ್ತಮ್ಮ. ನಾಳೆಯಿಂದ ನೀವು ಬರೋದು ಬೇಡ."

ನನ್ನ ಕೈಯ ಹತ್ತಿ ಕಿತ್ತುಕೊಂಡು ತಾವೇ ಚುಕ್ಕೆ ಒರೆಸಿದರು. ಬೆರಳು ಮೂಸಿ ಮುಖ ಸಿಂಡರಿಸಿ, ತೊಳೆಯಲು ಬಾತ್‌ರೂಮಿಗೆ ಹೋದರು. ಬಾಗಿಲು ಮುಚ್ಚದಿರಲೆಂದು ನಾನಿಟ್ಟಿದ್ದ ಬಕೆಟ್ಟು ಅವರ ಕಣ್ಣಿಗೆ ಚುಚ್ಚಿರಬೇಕು. ಕಾಲಿನಿಂದ ಈಚೆ ತಳ್ಳಿದರು. ಬಾಗಿಲು ಮುಚ್ಚಿತು. ಸದ್ದಿಲ್ಲದೆ, ಬಹಳ ಸೊಗಸಾಗಿ.

ನಲ್ಲಿಯ ಸದ್ದು ನಿಂತಿತು. ಆಮೇಲೆ ಒಳಗಿನಿಂದ ಗೋಡೆ ತಟ್ಟುವ ಸದ್ದು, ಇಲ್ಲೊಮ್ಮೆ, ಅಲ್ಲೊಮ್ಮೆ. ಮ್ಯಾನೇಜರು ಹೊರಗಿನಿಂದ ಅಂಗೈಯಲ್ಲಿ ಒತ್ತಿದರು, ಭುಜ ಕೊಟ್ಟರು. ಕೊನೆಗೆ ತೆರೆದದ್ದು ಬೀರು.

"ಎಲ್ಲಿ ಒತ್ತಬೇಕಮ್ಮ?" ಪಿಸುಗುಟ್ಟಿದರು.

"ನಾನೀಗ ಹೊರಗಿನವಳು ಸಾರ್. ಹೊರಗಿನವರು ಈ ಗೋಡೆ ಮುಟ್ಟಬಾರ್ದು."

"ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ನಾನಿದೀನಲ್ಲ."

"ಆಗ್ಲೂ ಇದ್ರಿ, ಛಾವಣಿ ನೋಡ್ತಾ. ನಾಳೆನೂ ಕೆಲಸಕ್ಕೆ ಬನ್ನಿ ಅಂತ ಅವರ ಬಾಯಲ್ಲೇ ಬರ್ಲಿ."

ಮೂಲೆಯ ಬಾಗಿದ ಮರದ ಕುರ್ಚಿ ನೋಡುವುದಕ್ಕೆಂದೇ ಮಾಡಿಸಿದ್ದು. ಅದರಲ್ಲಿ ಈವರೆಗೆ ಯಾರೂ ಕೂತಿರಲಿಲ್ಲ. ದೊಡ್ಡಮ್ಮ ಕೂತಳು. ಕುರ್ಚಿ ಒಮ್ಮೆ ನರಳಿ ಸುಮ್ಮನಾಯಿತು.

ಮ್ಯಾನೇಜರು ನನ್ನ ಕಡೆ ತಿರುಗಿದರು. ಜಾಗ ನನಗೂ ಗೊತ್ತಿತ್ತು, ಈಗಷ್ಟೇ ಒರೆಸಿದ್ದೆ. ನಾನು ತುಟಿಯ ಮೇಲೆ ಬೆರಳಿಟ್ಟು ನಿಯಮ ನೆನಪಿಸಿದೆ.

"ಯಾರಿದೀರಿ ಅಲ್ಲಿ?" ಎಂದಿತು ಗೋಡೆ. "ಸ್ವಲ್ಪ ಬಾಗಿಲು ತೆಗೀರಿ."