ಎಡೆಯ ಮಣೆ

ಹನುಮಂತರಾಯ ತೀರಿಕೊಂಡ ಮೇಲೆ ಅವನ ಡೀಸೆಲ್ ಎಂಜಿನ್ನನ್ನು ಯಾರೂ ಚಾಲೂ ಮಾಡಿರಲಿಲ್ಲ. ಸಾಲಗುಂದದ ಹಳ್ಳದ ದಂಡೆಯ ತಗಡಿನ ಶೆಡ್ಡಿನಲ್ಲಿ ಅದು ಸುಮ್ಮನೆ ಕುಳಿತಿತ್ತು. ಆದರೆ ಹಸಿದಿರಲಿಲ್ಲ. ಅಪ್ಪ ದುರುಗಪ್ಪ ಅಮಾವಾಸ್ಯೆಗೊಮ್ಮೆ ಬಂದು, ವಿಭೂತಿ ಹಚ್ಚಿ, ಮುಚ್ಚಳ ತೆಗೆದು ಒಂದು ಗ್ಲಾಸು ಎಂಜಿನ್ ಆಯಿಲ್ ಹೊಯ್ದು ಹೋಗುತ್ತಿದ್ದ. ಮಗನ ಹೆಸರಿನ ದೀಪಕ್ಕೆ ಎಣ್ಣೆ ಹಾಕಿದ ಹಾಗೆ. ಅಳತೆಯ ಕಡ್ಡಿ ಎಳೆದು ನೋಡಿದವನಲ್ಲ. ದೀಪಕ್ಕೆ ಅಳತೆ ನೋಡಿ ಎಣ್ಣೆ ಹಾಕುವವರು ಯಾರು?

ಈ ಸಲ ಹಿರಿಯರ ಅಮಾವಾಸ್ಯೆ ಬಂದರೂ ಕಾಲುವೆ ನೀರು ಕೊನೆಯ ಹೊಲಗಳನ್ನು ಮುಟ್ಟಲಿಲ್ಲ. ಭತ್ತ ಹೊಡೆಗೆ ಬಂದಿತ್ತು, ತೆನೆ ಕಟ್ಟುವ ಹೊತ್ತಿಗೆ ನೀರು ತಪ್ಪಿಸುವಂತಿರಲಿಲ್ಲ. ಶೆಡ್ಡಿನಲ್ಲೇ ಎಡೆ ಇಟ್ಟು, ಎಂಜಿನ್ ಹಚ್ಚಿ, ಹಳ್ಳದ ನೀರು ಎತ್ತುವುದೆಂದು ಮನೆಯವರು ಮೂವರೂ ಬಂದರು. ತಾಯಿ ಗದ್ದೆಮ್ಮ ಮಣೆ ಹಾಕಿ, ಮೇಲೆ ಮಗನ ಟವೆಲ್ ಮಡಚಿಟ್ಟು, ಮುಂದೆ ಎಲೆ ಹಾಸಿ ಹೋಳಿಗೆ ಬಡಿಸಿದಳು. ಸೊಸೆ ರೇಣುಕಾದೇವಿ ನೀರಿನ ತಂಬಿಗೆ ಇಟ್ಟಳು. ಎಂ.ಎಸ್ಸಿ. ಓದಿದವಳು. ಗಂಡ ಮಸ್ಕಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಹೋದಾಗಿನಿಂದ ಅವಳ ಬಾಯಲ್ಲಿ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ.

ದುರುಗಪ್ಪ ಎಂಜಿನ್ ಗಾಳಿ ಎಳೆಯುವ ಬಾಯಿಗಿದ್ದ ಫಿಲ್ಟರ್ ಡಬ್ಬಿ ಬಿಚ್ಚಿ ತೊಳೆದು ಬಿಸಿಲಿಗಿಟ್ಟ. ಇನ್ನೊಂದು ಗ್ಲಾಸು ಆಯಿಲ್ ಹೊಯ್ದು, ಹ್ಯಾಂಡಲ್ ತಿರುವಿದ.

ಎಂಜಿನ್ ಕೆಮ್ಮಿ ಎದ್ದಿತು. ಎದ್ದದ್ದು ಏರುತ್ತಲೇ ಹೋಯಿತು. ತಗಡು ನಡುಗಿತು, ಬಿಳಿ ಹೊಗೆ ಶೆಡ್ಡು ತುಂಬಿತು. ದುರುಗಪ್ಪ ಡೀಸೆಲ್ ಕಾಕ್ ತಿರುಗಿಸಿ ಬಂದ್ ಮಾಡಿದ. ಪೈಪನ್ನೇ ಕಿತ್ತ. ಎಂಜಿನ್ನಿನ ವೇಗ ಇನ್ನೂ ಹೆಚ್ಚಿತು.

“ಡೀಸೆಲ್ ಇಲ್ಲ, ಏನಿಲ್ಲ. ನಿಂದ್ರವಲ್ದು,” ಎಂದು ಹಿಂದೆ ಸರಿದ.

“ಮತ್ತ ಏನ್ ಕುಡದು ತಿರಗಾಕತ್ತೈತಿ ಅದು?” ಗದ್ದೆಮ್ಮ ಎದ್ದು ನಿಂತಳು. “ನನ್ನ ಮಗ ಬಂದಾನ.” ಎರಡೂ ಕೈ ಚಾಚಿಕೊಂಡು ಎಂಜಿನ್ನಿನ ಚಕ್ರದ ಕಡೆ ನಡೆದಳು. ಸೆರಗು ಚಕ್ರದ ಗಾಳಿಗೆ ಅತ್ತಲೇ ಹಾರುತ್ತಿತ್ತು.

“ಮಾವ, ಅತ್ತೀನ ಹಿಡಕೊಳ್ರಿ.”

ತನ್ನದೇ ದನಿ ರೇಣುಕಾಗೆ ಯಾರದೋ ಎನ್ನಿಸಿತು. ಮದುವೆಯಾದ ಹೊಸದರಲ್ಲಿ ಇದೇ ಶೆಡ್ಡಿನಲ್ಲಿ ಗಂಡ ಹೇಳಿದ್ದ: “ಸೊಕ್ಕು ಬಂತಂದ್ರ ಇದು ತನ್ನ ಆಯಿಲ್ ತಾನ ಕುಡದು ಓಡತೈತಿ. ಡೀಸೆಲ್ ಬಂದ್ ಮಾಡಿದ್ರ ಕೇಳಂಗಿಲ್ಲ. ಗಾಳಿ ಎಳಕೊಳ್ಳೋ ಬಾಯಿ ಮುಚ್ಚಬೇಕು. ಕೈ ಇಟ್ರ ಜಗ್ಗತೈತಿ, ಬಟ್ಟಿ ಇಟ್ರ ನುಂಗತೈತಿ. ಹಲಗಿ ಇಡಬೇಕು. ಚಕ್ರದ ನೇರಕ್ಕ ಮಾತ್ರ ನಿಂದ್ರಬ್ಯಾಡ. ನಿನಗಿಂತ ಇದ ಚಲೋ ನೋಡು, ಬಾಯಿ ಮುಚ್ಚಿದ್ರ ಸುಮ್ನಾಗತೈತಿ.” ಆಗ ಅವಳಿಗೆ ಬಹಳ ಮಾತು.

ಟವೆಲ್ ಪಕ್ಕಕ್ಕಿಟ್ಟು ಮಣೆ ಎತ್ತಿಕೊಂಡಳು. ಅವನು ಕೂರಬೇಕಾದ ಮಣೆ.

“ಬ್ಯಾಡಬೇ ರೇಣುಕಾ. ಉಸಿರು ಕಟ್ಟತೈತಿ ಅವಗ,” ಗಂಡನ ಹಿಡಿತದಲ್ಲಿ ಕೊಸರುತ್ತ ಗದ್ದೆಮ್ಮ ಕೂಗಿದಳು.

ರೇಣುಕಾ ಎಂಜಿನ್ನಿನ ಪಕ್ಕದಲ್ಲಿ ನಿಂತಳು. ಆ ಸದ್ದಿನೊಳಗೆ ಯಾರೋ ಇದ್ದರು. ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಇನ್ನೊಂದು ಗಳಿಗೆ ಕೇಳಬೇಕೆನಿಸಿತು. ಬುಡದ ಬೋಲ್ಟೊಂದು ಸಡಿಲಾಗಿ ಎಂಜಿನ್ ಕುಣಿಯತೊಡಗಿತು. ಮಣೆಯನ್ನು ಅದರ ಬಾಯಿಗೆ ಒತ್ತಿದಳು.

ಒಳಗಿನಿಂದ ಯಾರೋ ಹಿಡಿದು ಜಗ್ಗಿದಂತೆ ಮಣೆ ಕಚ್ಚಿಕೊಂಡಿತು. ಎಂಜಿನ್ ಒಮ್ಮೆ ತಡವರಿಸಿತು, ಮತ್ತೊಮ್ಮೆ. ಚಕ್ರ ಭಾರವಾಗಿ ಸುತ್ತಿ ನಿಂತಿತು. ಹಳ್ಳದ ಸದ್ದು ಕೇಳಿಸಿತು.

ದುರುಗಪ್ಪ ಕಡ್ಡಿ ಎಳೆದು ನೋಡಿದ. ಆಯಿಲ್ ಗೆರೆ ದಾಟಿ ಎಷ್ಟೋ ಮೇಲಿತ್ತು. ಕೆಳಗಿಟ್ಟಿದ್ದ ಗ್ಲಾಸನ್ನು ನೋಡಿದ.

ರೇಣುಕಾ ಮಣೆಯನ್ನು ತಂದು ಎಲೆಯ ಮುಂದೆ ಇಟ್ಟಳು. ಮೇಲೆ ಕರಿ ಆಯಿಲಿನ ದುಂಡನೆಯ ಗುರುತು. ಗದ್ದೆಮ್ಮ ಅದರ ಮೇಲೆ ಬೆರಳಾಡಿಸಿದಳು.

“ಹೋಗೋ ಮುಂದ ಏನರ ಅಂದನೇನಬೇ?”

ರೇಣುಕಾಳ ಅಂಗೈಯಲ್ಲಿ ಆ ಜಗ್ಗು ಇನ್ನೂ ಇತ್ತು.

“ಹೊಟ್ಟಿ ತುಂಬೇತಿ, ಇನ್ನ ಹಾಕಬ್ಯಾಡ್ರಿ ಅಂದ, ಅತ್ತಿ.”

ದುರುಗಪ್ಪ ಆಯಿಲ್ ಡಬ್ಬಿಯ ಮುಚ್ಚಳ ಹುಡುಕತೊಡಗಿದ.