ಬಾಯಿಯ ಅಚ್ಚು

ಗಂಡ ಹೋದ ಮೇಲೂ ಆಕೆ ಹಲ್ಲಿನ ಸೆಟ್ಟು ಕಟ್ಟುವ ಕೆಲಸ ಬಿಡಲಿಲ್ಲ. ಒಂದೇ ಮೇಜಿನ ಆಚೆ ಈಚೆ ಕೂತು ದುಡಿದ ಜೋಡಿ ಅದು. ಹಲ್ಲಿನ ಡಾಕ್ಟರು ಕಳಿಸಿದ ರೋಗಿಯ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು ಅವನ ಪಾಲು, ಹಲ್ಲು ಕೂರಿಸುವುದು ಇವಳದು. ಯಾವುದೋ ಅಚ್ಚಿಗೆ ಅಂಟಿದ್ದ ರಕ್ತ ಅವನ ಬೆರಳಿನ ಗಾಯಕ್ಕೆ ತಾಗಿರಬೇಕು ಎಂದರು ಆಸ್ಪತ್ರೆಯವರು. ಕಾಮಾಲೆ ಅವನನ್ನು ಉಳಿಸಲಿಲ್ಲ.

ಅಂದಿನಿಂದ ಬಂದ ಅಚ್ಚನ್ನೆಲ್ಲ ಆಕೆ ಔಷಧಿ ನೀರಿನಲ್ಲಿ ಮುಳುಗಿಸಿಟ್ಟು, ಅಡುಗೆ ಮುಗಿಸಿ ಬಂದು ತೆಗೆಯುತ್ತಿದ್ದಳು.

ಒಂದು ಬೆಳಿಗ್ಗೆ ಅಚ್ಚು ಕಳಿಸುವ ಡಾಕ್ಟರಮ್ಮ ಒಬ್ಬ ಮುದುಕರನ್ನು ಕರೆದುಕೊಂಡೇ ಬಂದರು. ಮುದುಕರು ಆಕೆಯೇ ಕಟ್ಟಿದ್ದ ಸೆಟ್ಟನ್ನು ಕರವಸ್ತ್ರದಿಂದ ತೆಗೆದು ಮೇಜಿನ ಮೇಲಿಟ್ಟರು.

"ಬಾಯಿ ತೆಗೆದ್ರೆ ಬಿದ್ದೇಹೋಗುತ್ತೆ, ತಾಯಿ. ಊಟ ಹೇಗೋ ಆಗುತ್ತೆ. ನಮ್ಮವಳಿಗೆ ಕಿವಿ ಕೇಳಲ್ಲ. ನನ್ನ ತುಟಿ ನೋಡಿಯೇ ಅವಳಿಗೆ ಮಾತು. ಹಲ್ಲು ಹೋದಾಗಿಂದ ಸುಮ್ಮನೆ ಮುಖ ನೋಡ್ತಾ ಕೂತಿರ್ತಾಳೆ."

ಆಕೆ ಸೆಟ್ಟನ್ನು ಎತ್ತಿಕೊಂಡು ತಿರುವಿ ನೋಡಿದಳು.

"ಅಕ್ಕಾ, ಅಚ್ಚು ನೀರು ಹೀರಿ ಉಬ್ಬಿದ್ರೆ ಸೆಟ್ಟು ಸಡಿಲ ಆಗುತ್ತೆ ಅಂತ ನಿಮಗೇ ಗೊತ್ತು," ಡಾಕ್ಟರಮ್ಮ ಮೆಲ್ಲಗೆ ಅಂದರು. "ಔಷಧಿ ಬೇಡ ಅಂತಿಲ್ಲ. ಹೊತ್ತು ಮೀರೋದು ಬೇಡ."

"ಭಯ, ಡಾಕ್ಟ್ರೇ."

"ಭಯ ಇರಲಿ. ನಾನೂ ಜೊತೆಗಿರ್ತೀನಿ."

ಮಧ್ಯಾಹ್ನ ಡಾಕ್ಟರಮ್ಮ ಹೊಸ ಅಚ್ಚು ತಂದರು. ಸಡಿಲ ಸೆಟ್ಟು ಉಜ್ಜಿ ಮುದುಕರ ಒಸಡು ಹುಣ್ಣಾಗಿತ್ತು. ಅಚ್ಚಿನ ಅಂಚಿನಲ್ಲಿ ರಕ್ತದ ಎಳೆ. ಆಕೆ ಕೈಗವಸು ಏರಿಸಿ ಅಚ್ಚನ್ನು ಹರಿವ ನೀರಿಗೆ ಹಿಡಿದಳು. ನೀರು ಒದರಿ, ಮೂಲೆಮೂಲೆಗೂ ಔಷಧಿ ಸಿಂಪಡಿಸಿ, ಚೀಲದಲ್ಲಿ ಮುಚ್ಚಿಟ್ಟಳು. ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಹೊತ್ತಾಯಿತು. ಇನ್ನೂ ಸ್ವಲ್ಪ ಇರಲಿ ಎಂದಿತು ಜೀವ. ಡಾಕ್ಟರಮ್ಮ ಎದ್ದು ನಲ್ಲಿ ತಿರುಗಿಸಿದರು. ಆಕೆ ಅಚ್ಚನ್ನು ಹೊರತೆಗೆದು ತೊಳೆದಳು, ಗಂಡನ ಕುರ್ಚಿಯಲ್ಲೇ ಕೂತು ಪ್ಲಾಸ್ಟರ್ ಸುರಿದಳು.

ಸೆಟ್ಟು ಸಿದ್ಧವಾದ ದಿನ ಮುದುಕರು ಹೆಂಡತಿಯೊಡನೆ ಕ್ಲಿನಿಕ್ಕಿಗೆ ಬಂದರು. ಸೆಟ್ಟು ಕಟ್ಟಿದ ಆಕೆಯೂ ಬಾಗಿಲ ಬಳಿ ನಿಂತಿದ್ದಳು. ಸೆಟ್ಟು ಒಸಡಿಗೆ ಕಚ್ಚಿ ಕೂತಿತು. ಮುದುಕರು ಹೆಂಡತಿಯತ್ತ ತಿರುಗಿ, ಸದ್ದಿಲ್ಲದೆ ಏನೋ ಅಂದರು.

"ಬೆಳಗಿನ ಪಲ್ಯಕ್ಕೆ ಉಪ್ಪು ಕಮ್ಮಿಯಾ?" ಅಜ್ಜಿ ಗದರಿಕೊಂಡರು. "ಹಲ್ಲು ಬಂದ ಕೂಡಲೇ ಶುರು ಹಚ್ಕೊಂಡ್ರಾ ತಕರಾರು!"

ಎಲ್ಲರೂ ನಕ್ಕರು, ಆಕೆಯೂ. ನಗುತ್ತಿದ್ದಂತೆ ಅಳು ಒತ್ತರಿಸಿ ಬಂತು. ಯಾಕೆಂದು ಅಜ್ಜಿಗೆ ತಿಳಿಯಲಿಲ್ಲ. ಹತ್ತಿರ ಬಂದು, ಕೈ ಹಿಡಿದುಕೊಂಡು, ಆಕೆ ಮಾತಾಡುವುದನ್ನೇ ಕಾದು ತುಟಿ ನೋಡುತ್ತ ನಿಂತರು.