ಬಾಗಿಲು ಮುಚ್ಚಿದ ದೊಡ್ಡಮ್ಮ

ಚೂಟಿಯ ಮನೆಯಲ್ಲಿ ಯಾವ ಬಾಗಿಲನ್ನೂ ಮುಚ್ಚುವ ಹಾಗಿರಲಿಲ್ಲ. ಬೀರು, ಅಡುಗೆಮನೆಯ ಕಪಾಟು, ಬಚ್ಚಲು, ಎಲ್ಲವೂ ಹಾರು ಹೊಡೆದುಕೊಂಡೇ ಇರಬೇಕು. ಮುಚ್ಚಿದ ಬಾಗಿಲ ಹಿಂದೆ ಯಾರೋ ನಿಂತು ತನ್ನನ್ನು ಕೊಲ್ಲುವ ಮಾತಾಡುವುದು ಅಮ್ಮನಿಗೆ ಕೇಳಿಸುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟಿದ್ದರು. ನುಂಗಿಸುವ ಕೆಲಸ ಆರನೇ ಕ್ಲಾಸಿನ ಚೂಟಿಯದು.

ದಿನಾ ಬೆಳಿಗ್ಗೆ ತಾಯಿ ಮಗಳು ಕೈ ಹಿಡಿದುಕೊಂಡು ಒಂದೊಂದೇ ಕಪಾಟಿನೊಳಗೆ ಇಣುಕುವರು. "ಯಾರೂ ಇಲ್ಲಮ್ಮ," ಅನ್ನುವಳು ಚೂಟಿ. ಅಷ್ಟಾದರೆ ಅಮ್ಮ ಮಾತ್ರೆ ನುಂಗಿ ಹೊಲಿಗೆ ಮೆಷಿನ್ ಮುಂದೆ ಕೂರುವಳು. ಅವಳು ಹೊಲಿದ ಬಟ್ಟೆಯಲ್ಲಿ ಒಂದು ಹೊಲಿಗೆಯೂ ಸೊಟ್ಟಗಿರುತ್ತಿರಲಿಲ್ಲ.

ಇದ್ಯಾವುದೂ ಗೊತ್ತಿಲ್ಲದ ಮಹಾತಾಯಿ ಅಂದರೆ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ. ಪಕ್ಕದ ಬೀದಿಯಲ್ಲೇ ವಾಸ. ತಂಗಿಯ ಹುಚ್ಚು ಚಪ್ಪಲಿಗೆ ಮೆತ್ತಿಕೊಂಡೀತು ಅನ್ನುವ ಹಾಗೆ ಇತ್ತ ತಲೆ ಹಾಕಿದವಳಲ್ಲ. ಆದರೆ ಈ ಮಗು ಇಲ್ಲೇ ಇರಬಹುದೋ, ಹಾಸ್ಟೆಲಿಗೆ ಹೋಗಬೇಕೋ ಅಂತ ನೋಡಲು ಮಕ್ಕಳ ರಕ್ಷಣಾ ಕಚೇರಿಯ ಮೇಡಂ ಬರುತ್ತಾರೆ ಅಂತ ಕಿವಿಗೆ ಬಿದ್ದದ್ದೇ ತಡ, ಬೆಳಿಗ್ಗೆ ಅಮ್ಮ ಮಾತ್ರೆ ನುಂಗುವ ಮೊದಲೇ ಎದ್ದೆನೋ ಬಿದ್ದೆನೋ ಅಂತ ಓಡಿಬಂದಳು. ಪ್ರೀತಿಯಿಂದಲ್ಲ ಬಿಡಿ, ಮನೆತನದ ಮರ್ಯಾದೆಗಾಗಿ.

"ಥೂ, ಇದೇನು ಮನೆನಾ, ಸಂತೇನಾ?" ಅಂತ ದಡಬಡ ಕಪಾಟುಗಳನ್ನೆಲ್ಲ ಮುಚ್ಚಿದಳು. ತನ್ನ ಮನೆಯ ಹೂವಿನ ಪರದೆಗಳನ್ನು ತಂದು ಕಿಟಕಿಗೆ ತೂಗುಹಾಕಿದಳು.

"ಮುಚ್ಚಬೇಡಿ ದೊಡ್ಡಮ್ಮ, ಅಮ್ಮಂಗೆ ಆಗಲ್ಲ!"

"ಸುಮ್ನಿರೇ! ಮೊನ್ನೆ ಮೊನ್ನೆ ಹುಟ್ಟಿದೋಳು ನನಗೆ ಬುದ್ಧಿ ಹೇಳ್ತೀಯಾ?"

ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ದೊಡ್ಡಮ್ಮ ತಂಗಿಯ ರಟ್ಟೆ ಹಿಡಿದು ಒಳಕೋಣೆಗೆ ದಬ್ಬಿ, ಹೊರಗಿನಿಂದ ಚಿಲಕ ಹಾಕಿದಳು. ಆಮೇಲೆ ಹಲ್ಲು ಕಿರಿಯುತ್ತಾ ಮೇಡಂಗೆ ಕುರ್ಚಿ ಹಾಕಿದಳು.

"ತಂಗಿ ಹೊರಗೆ ಹೋಗಿದ್ದಾಳೆ ಮೇಡಂ. ನಾನು ದಿನಾ ಬಂದು ಎಲ್ಲ ನೋಡ್ಕೋತೀನಿ."

ದಿನಾ ಅಂತೆ! ಈ ಮನೆಯಲ್ಲಿ ಲೋಟ ಎಲ್ಲಿದೆ ಅಂತ ಅವಳಿಗೆ ಗೊತ್ತಿದ್ದರೆ ಕೇಳಿ.

ಒಳಗೆ ಬಾಗಿಲು ಕೆರೆಯುವ ಸದ್ದು. ಆಮೇಲೆ ದನಿ. "ಚೂಟೀ, ಬಂದ್ಬಿಟ್ರು ಕಣೇ, ಬಂದ್ಬಿಟ್ರು!"

"ಪಕ್ಕದ ಮನೆ ಟಿವಿ," ಅಂದಳು ದೊಡ್ಡಮ್ಮ, ಕಣ್ಣು ಮಿಟುಕಿಸದೆ.

ಚೂಟಿ ಚಿಲಕದ ಕಡೆ ನೋಡಿದಳು. ಚಿಲಕ ತೆಗೆದರೆ ಅಮ್ಮನ ಸ್ಥಿತಿ ಮೇಡಂ ಕಣ್ಣಿಗೆ ಬೀಳುತ್ತದೆ, ತನಗೆ ಹಾಸ್ಟೆಲೇ ಗತಿ. ಬಾಯಿ ಮುಚ್ಚಿಕೊಂಡು ಕೂತರೆ ಇಲ್ಲೇ ಉಳಿಯಬಹುದು. ಒಳಗೆ ಅಮ್ಮ ಇನ್ನೊಂದು ಸಲ ಕೂಗಿದಳು. ಹಾಳಾಗಿ ಹೋಗಲಿ ಅಂತ ಹುಡುಗಿ ಎದ್ದುಹೋಗಿ ಚಿಲಕ ಎಳೆದೇಬಿಟ್ಟಳು.

ಅಮ್ಮನ ಉಗುರುಗಳಲ್ಲಿ ರಕ್ತ. ಮೈಯೆಲ್ಲ ಗಡಗಡ. ಚೂಟಿ ಅವಳ ಕೈ ಹಿಡಿದು, ಯಾರ ಮುಖವನ್ನೂ ನೋಡದೆ, ಒಂದೊಂದೇ ಕಪಾಟು ತೆರೆದಳು. "ಯಾರೂ ಇಲ್ಲಮ್ಮ. ಇಲ್ಲೂ ಇಲ್ಲ." ಕೊನೆಯ ಕಪಾಟಿನ ಹೊತ್ತಿಗೆ ನಡುಕ ಇಳಿದಿತ್ತು. ಅಮ್ಮ ಬೆಳಗಿನ ಮಾತ್ರೆ ನುಂಗಿದಳು.

"ನೋಡಿದ್ರಲ್ಲ ಮೇಡಂ," ದೊಡ್ಡಮ್ಮ ತಕ್ಷಣ ರಾಗ ಬದಲಿಸಿದಳು. "ಇಂಥಾ ಕಡೆ ಮಗು ಇರೋಕಾಗುತ್ತಾ? ಸುಮ್ನೆ ಹಾಸ್ಟೆಲಿಗೆ ಹಾಕಿ."

"ಹಾಸ್ಟೆಲ್ ಯಾಕೆ? ದಿನಾ ನೋಡ್ಕೋತೀನಿ ಅಂದ್ರಲ್ಲ," ಅಂದರು ಮೇಡಂ. "ತಾಯಿ ಮಗಳು ಇಬ್ಬರನ್ನೂ ನಿಮ್ಮನೇಲೇ ಇಟ್ಕೊಳ್ಳಿ."

ದೊಡ್ಡಮ್ಮನ ಮುಖ ಹುಳ್ಳಗಾಯಿತು. "ನಮ್ಮನೇಲಾ? ಅಯ್ಯೋ, ಜಾಗ ಎಲ್ಲಿದೆ ಮೇಡಂ! ಅಲ್ದೆ ಈ ಹುಡುಗಿ ಎಷ್ಟು ಚೆನ್ನಾಗಿ ನೋಡ್ಕೋತಾಳೆ. ನೀವೇ ನೋಡಿದ್ರಲ್ಲ!"

ಮೇಡಂ ಎದ್ದುಹೋಗಿ ಅಮ್ಮನ ಹತ್ತಿರ ಕೂತು ಬಹಳ ಹೊತ್ತು ಮಾತಾಡಿದರು. ಸದ್ಯಕ್ಕೆ ಚೂಟಿ ಇಲ್ಲೇ ಇರಲಿ, ಮಾತ್ರೆ ಕೊಡಲು ನಾಳೆಯಿಂದ ಒಬ್ಬ ನರ್ಸ್ ಬರುತ್ತಾರೆ ಅಂತ ಹೇಳಿ ಹೋದರು. ಅದು ಕೇಳಿದ ಮೇಲೆಯೇ ಚೂಟಿಗೆ ಅಳು ಬಂದದ್ದು.

ದೊಡ್ಡಮ್ಮ ತನ್ನ ಪರದೆಗಳನ್ನು ಬಿಚ್ಚಿ ಬಗಲಿಗೇರಿಸಿದಳು. "ಮತ್ತೆ ಬರ್ತೀನಿ ಕಣೇ, ಮನೆ ಹೀಗೆ ಬಿಟ್ರೆ ನಮ್ಮ ಮರ್ಯಾದೆ..."

ಚೂಟಿ ಕಣ್ಣೊರೆಸಿಕೊಂಡಳು. "ಬರಬೇಡಿ ದೊಡ್ಡಮ್ಮ. ಬಂದ್ರೆ ನಾವಿಬ್ರೂ ನಿಮ್ ಜೊತೇನೇ ಬಂದ್ಬಿಡ್ತೀವಿ. ನಿಮ್ಮನೆ ಬಾಗಿಲುಗಳನ್ನೂ ತೆರೆದಿಡೋಕೆ ಅಮ್ಮಂಗೆ ಕೈ ಕಡೀತಿದೆ."

ದೊಡ್ಡಮ್ಮ ಬುಸುಗುಟ್ಟುತ್ತಾ ಹೊರಟಳು. ಹೋಗುವಾಗ ಅಭ್ಯಾಸಬಲದಿಂದ ಬೀದಿ ಬಾಗಿಲನ್ನು ಎಳೆದುಕೊಂಡು ಹೋದಳು. ಅಮ್ಮ ನೋಡುವುದರೊಳಗೆ ಚೂಟಿ ಓಡಿಹೋಗಿ ಅದನ್ನು ಪೂರಾ ತೆರೆದಿಟ್ಟಳು.